ಮೈಸೂರು-ಮಂಡ್ಯದಿಂದ ಸಮುದ್ರಕ್ಕೆ: ಯಾವ ತಿಂಗಳಲ್ಲಿ ಯಾವ ಊರು, ರಾತ್ರಿ ಡಿಗ್ರಿ ನೋಡಿ ಆರಿಸ್ಕೊಳ್ಳಿ

ನಮ್ಮನೇಲಿ ವರ್ಷಕ್ಕೆ ಮೂರು ಸಲ ಈ ಮಾತು ಬಂದೇ ಬರತ್ತೆ. ದಸರಾ ರಜಕ್ಕೆ ಒಂದ್ಸಲ, ಕ್ರಿಸ್‌ಮಸ್‌ಗೂ ಸಂಕ್ರಾಂತಿಗೂ ನಡುವೆ ಒಂದ್ಸಲ, ಆಮೇಲೆ ಏಪ್ರಿಲ್‌ನಲ್ಲಿ ಮಕ್ಕಳ ಪರೀಕ್ಷೆ ಮುಗಿದ ಮಾರನೇ ದಿನ. ಸಮುದ್ರಕ್ಕೆ ಹೋಗೋಣ ಅನ್ನೋದ್ರಲ್ಲಿ ಎಲ್ರೂ ಒಂದೇ, ಯಾವ ಊರು ಅಂದ ತಕ್ಷಣ ಒಬ್ರು ಉಡುಪಿ, ಒಬ್ರು ಗೋಕರ್ಣ, ಒಬ್ರು ಕಣ್ಣೂರು, ಪುದುಚೇರಿ ಅಂತ ಮಗಳು. ಮಂಡ್ಯದಲ್ಲಿರೋರಿಗೆ ಯಾವ ಸಮುದ್ರಾನೂ ಹತ್ರ ಇಲ್ಲ, ಪಶ್ಚಿಮಕ್ಕೆ ಹೋದ್ರೆ ಘಾಟಿ ಇಳೀಬೇಕು, ಪೂರ್ವಕ್ಕೆ ಹೋದ್ರೆ ಇಡೀ ತಮಿಳುನಾಡು ದಾಟ್ಬೇಕು, ಅಷ್ಟು ದೂರ ಹೋಗಿ ರಾತ್ರಿ ನಿದ್ದೆ ಬರದೆ ಕೂತ್ಕೊಂಡ್ರೆ ದುಡ್ಡೂ ಹೋಯ್ತು ರಜಾನೂ ಹೋಯ್ತು. ಜೊತೆಗೆ ನಮ್ಮಮ್ಮನಿಗೆ 70 ದಾಟಿದೆ, ಮಾಗಿ ಚಳಿಗೆ ಮಂಡಿ ಹಿಡ್ಕೊಳತ್ತೆ, ಸೆಕೆ ಜಾಸ್ತಿಯಾದ್ರೆ ಉಸಿರು ಕಟ್ಟಿದ ಹಾಗಾಗತ್ತೆ ಅಂತಾರೆ. ಹಾಗಾಗಿ ಕೆಲವು ವರ್ಷದಿಂದ ನಾನು ಊರು ಆರಿಸೋಕೆ ಮುಂಚೆ ಟೆಂಪರೇಚರ್ ಲೆಕ್ಕ ಹಾಕ್ತೀನಿ, ಬ್ಯಾಗಲ್ಲೊಂದು ಚಿಕ್ಕ ಡಿಜಿಟಲ್ ಥರ್ಮಾಮೀಟರ್ ಇಟ್ಕೊಂಡೇ ಹೋಗ್ತೀನಿ, ರೂಮಿನ ಗೋಡೆ ಮೊಳೆಗೆ ನೇತಾಕಿ ರಾತ್ರಿ ಎಚ್ಚರ ಆದಾಗೆಲ್ಲ ನೋಡ್ತೀನಿ. ಅದ್ರಿಂದ ತಿಳಿದದ್ದನ್ನ ಇಲ್ಲಿ ಬರೀತಿದೀನಿ, ನಮ್ ಕಡೆಯವ್ರಿಗೆ ಉಪಯೋಗಕ್ಕೆ ಬರ್ಲಿ ಅಂತ.

ಮೊದಲನೇದು, ವರ್ಷದ ಸರಾಸರಿ ಅಂತ ಒಂದು ನಂಬರ್ ಎಲ್ಲಾ ಕಡೆ ಸಿಗತ್ತಲ್ಲ, ಅದನ್ನ ನೋಡಿ ಯಾವ ತೀರ್ಮಾನಕ್ಕೂ ಬರ್ಬೇಡಿ. ಮಂಗಳೂರಿಗೆ 27ರ ಆಸುಪಾಸು, ಕಾರವಾರಕ್ಕೂ ಅಷ್ಟೇ, ಕೋಳಿಕ್ಕೋಡ್‌ಗೂ ಹೆಚ್ಚುಕಮ್ಮಿ ಅಷ್ಟೇ, ಪುದುಚೇರಿಗೆ ಒಂದು ಡಿಗ್ರಿ ಮೇಲೆ, ನಮ್ ಮೈಸೂರಿಗೆ 24-25. ಇದನ್ನ ನೋಡಿದ್ರೆ ಅಯ್ಯೋ ಎರಡು ಮೂರು ಡಿಗ್ರಿ ತಾನೆ, ಅಂಥಾ ವ್ಯತ್ಯಾಸ ಏನಿದೆ ಅನ್ಸತ್ತೆ. ನಾನೂ ಮೊದಮೊದಲು ಹಂಗೇ ಅಂದ್ಕೊಂಡಿದ್ದೆ.

ಸರಾಸರಿ ಅಂದ್ರೆ ಮಾಮೂಲಿಯಾಗಿ ದಿನದ ಗರಿಷ್ಠ, ಕನಿಷ್ಠ ಎರಡನ್ನೂ ಕೂಡಿ ಅರ್ಧ ಮಾಡೋದು, ಅದನ್ನ 30 ವರ್ಷಕ್ಕೆ ಲೆಕ್ಕ ಹಾಕಿ ಒಂದು ನಂಬರ್ ಕೊಡ್ತಾರೆ, ಈಗ ನಡೀತಿರೋದು 1991ರಿಂದ 2020ರ ಲೆಕ್ಕ. ಏಪ್ರಿಲ್ ತಗೊಳ್ಳಿ. ಮೈಸೂರಲ್ಲಿ ಮಧ್ಯಾಹ್ನ 34-35, ಬೆಳಗಿನ ಜಾವ 21, ಸರಾಸರಿ 28. ಮಂಗಳೂರಲ್ಲಿ ಮಧ್ಯಾಹ್ನ 34, ಬೆಳಗಿನ ಜಾವ 25, ಸರಾಸರಿ 29.5. ನೋಡಿದ್ರಾ, ಮಧ್ಯಾಹ್ನ ಎರಡೂ ಕಡೆ ಒಂದೇ, ಪೇಪರ್ ಮೇಲೆ ಬರೋ ವ್ಯತ್ಯಾಸ ಒಂದೂವರೆ ಡಿಗ್ರಿ, ಆದ್ರೆ ನೀವು ಮಲ್ಕೊಳ್ಳೋ ಹೊತ್ತಲ್ಲಿ ನಾಲ್ಕು ಡಿಗ್ರಿ ವ್ಯತ್ಯಾಸ. ನಮ್ ಊರಲ್ಲಿ ಬೇಸಿಗೇಲೂ ರಾತ್ರಿ ಹತ್ತು ಗಂಟೆ ಮೇಲೆ ಕಿಟಕಿ ತೆಗೆದ್ರೆ ತಣ್ಣಗೆ ಗಾಳಿ ಬರತ್ತೆ, ಆ ಅಭ್ಯಾಸ ಆಗಿರೋ ಮೈ ಇದು. ಸಮುದ್ರದ ಊರಲ್ಲಿ ಆ ಇಳಿಕೆ ಸಿಗಲ್ಲ. ಅದಕ್ಕೆ ನಾನು ಯಾವ ಊರ ಚಾರ್ಟ್ ತೆಗೆದ್ರೂ ಮೊದಲು ನೋಡೋದು ಕನಿಷ್ಠದ ಸಾಲು. ಕನಿಷ್ಠ 22ರ ಒಳಗಿದ್ರೆ ಫ್ಯಾನಲ್ಲೇ ನೆಮ್ಮದಿ ನಿದ್ದೆ, 24 ಅಂದ್ರೆ ಗಾಳಿ ಆಡೋ ರೂಮ್ ಬೇಕು, 25 ದಾಟಿದ್ರೆ ಏಸಿ ಇಲ್ಲದ ರೂಮ್ ತಗೋಳ್ಳೇಬೇಡಿ.

ಯಾಕೆ ಹೀಗೆ ಅಂದ್ರೆ, ನೀರು ಕಾಯೋದೂ ನಿಧಾನ ಆರೋದೂ ನಿಧಾನ. ಅರಬ್ಬೀ ಸಮುದ್ರದ ನೀರು ಈ ಕಡೆ ವರ್ಷ ಪೂರ್ತಿ 27ರಿಂದ 30 ಡಿಗ್ರಿ ಒಳಗೇ ಓಡಾಡತ್ತೆ, ಪಕ್ಕದಲ್ಲಿರೋ ಊರೂ ಅದನ್ನ ಬಿಟ್ಟು ದೂರ ಹೋಗಲ್ಲ. ನಮ್ ಮೈಸೂರು ಸಮುದ್ರ ಮಟ್ಟಕ್ಕಿಂತ ಸುಮಾರು 770 ಮೀಟರ್ ಮೇಲಿದೆ, ಸಾವಿರ ಮೀಟರ್ ಏರಿದ್ರೆ ಆರೂವರೆ ಡಿಗ್ರಿ ಕಮ್ಮಿ ಅನ್ನೋ ಲೆಕ್ಕದಲ್ಲಿ ನಾವು ಪುಕ್ಸಟ್ಟೆ ಐದು ಡಿಗ್ರಿ ತಂಪು ಉಣ್ತಿದೀವಿ.

ಇನ್ನೊಂದು, ಡಿಗ್ರಿ ಒಂದೇ ಇದ್ರೂ ಬಿಸಿಲು ಬೇರೆ ಸೆಕೆ ಬೇರೆ. ನಾವು ಮೈಸೂರು ಕಡೆಯವ್ರು "ಏನ್ ಬಿಸ್ಲಪ್ಪಾ" ಅಂತೀವಿ, ಮಂಗಳೂರು ಕಡೆಯವ್ರು "ಎಂತ ಸೆಕೆ ಮಾರಾಯ್ರೆ" ಅಂತಾರೆ, ಎರಡೂ ಒಂದೇ ಅಲ್ಲ. ಗಾಳಿಲಿ ತೇವ ಜಾಸ್ತಿ ಇದ್ರೆ ಬೆವರು ಆರಲ್ಲ, ಬೆವರು ಆರ್ದೆ ಮೈ ತಣ್ಣಗಾಗಲ್ಲ. 35 ಡಿಗ್ರಿ ಇದ್ದು ತೇವಾಂಶ 30 ಪರ್ಸೆಂಟ್ ಇದ್ರೆ ಮೈಗೆ 35ರ ಹಾಗೇ ಅನ್ಸತ್ತೆ, 32 ಡಿಗ್ರಿ ಇದ್ದು 70 ಪರ್ಸೆಂಟ್ ತೇವಾಂಶ ಇದ್ರೆ ಅದು 40-41ರ ಹಾಗೆ ಅನ್ಸತ್ತೆ. ಇದನ್ನ ನಂಗೆ ಸರಿಯಾಗಿ ಅರ್ಥ ಮಾಡ್ಸಿದ್ದು ಬೆಲ್ಲ. ಉಡುಪಿ ಹತ್ರ ಇರೋ ತಂಗಿ ಮನೆಗೆ ಪ್ರತಿ ಸಲ ಮಂಡ್ಯದ ಅಚ್ಚು ಬೆಲ್ಲ ತಗೊಂಡ್ ಹೋಗ್ತೀವಿ. ಜನವರಿಲಿ ಕೊಟ್ಟ ಬೆಲ್ಲ ಪೇಪರಲ್ಲಿ ಸುತ್ತಿಟ್ರೂ ತಿಂಗಳು ಗಟ್ಟಿಯಾಗೇ ಇರತ್ತೆ, ಕುಟ್ಟಿದ್ರೆ ಟಣ್ ಅಂತ ಒಡೆಯತ್ತೆ. ಅದೇ ಬೆಲ್ಲ ಜೂನ್‌ನಲ್ಲಿ ನಾಲ್ಕನೇ ದಿನಕ್ಕೆ ಮೇಲೆಲ್ಲ ಬೆವರಿದ ಹಾಗೆ ನೀರು ಕೂತು, ಪೇಪರ್ ಅಂಟ್ಕೊಂಡು, ತಟ್ಟೇಲಿ ಕಂದು ಬಣ್ಣದ ಪಾಕ ಹರಿದಿತ್ತು, ಉಪ್ಪಿನ ಭರಣಿ ತಳದಲ್ಲೂ ನೀರು. ಆ ದಿನ ಥರ್ಮಾಮೀಟರ್ ತೋರಿಸ್ತಿದ್ದದ್ದು ಬರೀ 27.

ಈಗ ಒಂದೊಂದು ರಜ ಹಿಡ್ಕೊಂಡು ಹೇಳ್ತೀನಿ.

ಡಿಸೆಂಬರ್-ಜನವರಿ. ಜನ ತುಂಬಾ ಹೋಗೋದೂ ಇದೇ ಸಮಯ, ಆಯ್ಕೆ ತಪ್ಪೋದೂ ಇಲ್ಲೇ. ಮೈಸೂರು ಮಂಡ್ಯದಲ್ಲಿ ಆಗ ಹಗಲು 28, ಬೆಳಗಿನ ಜಾವ 16ರ ಆಸುಪಾಸು, ಕೆಲವು ದಿನ ಇನ್ನೂ ಕೆಳಗೆ. ಚಳಿಗಾಲ ಅಲ್ವಾ, ಸಮುದ್ರದ ಕಡೆ ಹಗಲೂ ಹಿತವಾಗಿರತ್ತೆ ಅಂದ್ಕೊಂಡು ಮಂಗಳೂರು ಕಡೆ ಹೋದ್ರೆ ಮಧ್ಯಾಹ್ನ 32-33 ಸಿಗತ್ತೆ, ಜುಲೈಗಿಂತ ನಾಲ್ಕು ಡಿಗ್ರಿ ಜಾಸ್ತಿ! ಹೌದು, ಪಶ್ಚಿಮ ಕರಾವಳಿಲಿ ಹಗಲು ಅತಿ ತಂಪಿರೋದು ಮಳೆಗಾಲದಲ್ಲಿ, ಚಳಿಗಾಲದಲ್ಲಲ್ಲ. ಡಿಸೆಂಬರ್-ಜನವರಿಲಿ ಗಾಳಿ ಈಶಾನ್ಯದಿಂದ ಬೀಸತ್ತೆ, ಅದು ನೆಲದ ಮೇಲಿಂದ ಬಂದು ಘಟ್ಟ ಇಳಿಯೋವಾಗ ಇನ್ನೂ ಬಿಸಿಯಾಗಿ ಒಣಗಿ ಕರಾವಳಿಗೆ ಬೀಳತ್ತೆ, ಆಕಾಶ ಶುಭ್ರ, ಸಮುದ್ರದ ಗಾಳಿ ಶುರು ಆಗೋದು ತಡ. ಆದ್ರೆ ಅದೇ ಕಾರಣಕ್ಕೆ ರಾತ್ರಿ ಚೆನ್ನಾಗಿ ಇಳಿಯತ್ತೆ, ಮಂಗಳೂರು ಉಡುಪಿಲಿ 21, ಕಾರವಾರ ಗೋಕರ್ಣದ ಕಡೆ 20ರ ಹತ್ರ, ಕೋಳಿಕ್ಕೋಡ್‌ನಲ್ಲಿ 22ರ ಮೇಲೆ. ಅಂದ್ರೆ ರಾತ್ರಿ ಲೆಕ್ಕದಲ್ಲಿ ವರ್ಷದಲ್ಲೇ ಇದು ಅತ್ಯುತ್ತಮ ಸಮಯ, ಹಗಲು ಹನ್ನೊಂದರಿಂದ ನಾಲ್ಕು ನೆರಳಲ್ಲಿ ಕೂರೋಕೆ ಒಪ್ಪೋರಿಗೆ.

ಪೂರ್ವಕ್ಕೆ ಹೋದ್ರೆ ಲೆಕ್ಕ ತಿರುಗಾ ಮುರುಗಾ. ಅದೇ ಈಶಾನ್ಯ ಗಾಳಿ ಪುದುಚೇರಿಗೆ ಬಂಗಾಳಕೊಲ್ಲಿ ಮೇಲಿಂದ ಬರತ್ತೆ, ಹಾಗಾಗಿ ಜನವರಿಲಿ ಅಲ್ಲಿ ಹಗಲು 28-29, ರಾತ್ರಿ 21. ನಮ್ ಊರಿನ ಹಗಲು, ಮಂಗಳೂರಿನ ರಾತ್ರಿ, ಎರಡೂ ಒಂದೇ ಕಡೆ. ಮಂಡಿ ನೋವಿರೋ ಅಮ್ಮನಿಗೆ ಇದಕ್ಕಿಂತ ಹೊಂದೋ ಹವೆ ನಾನು ನೋಡಿಲ್ಲ. ಅಲ್ಲಿ ಬೀಚ್ ರೋಡಲ್ಲಿ ಸಂಜೆಯಿಂದ ಬೆಳಗಿನ ತನಕ ಗಾಡಿ ಬಿಡಲ್ಲ, ವಯಸ್ಸಾದೋರು ನೆಮ್ಮದಿಯಾಗಿ ನಡೀಬೋದು, ಸಮುದ್ರ ಪೂರ್ವಕ್ಕಿರೋದ್ರಿಂದ ನಾಲ್ಕೂವರೆ ಮೇಲೆ ಬಿಲ್ಡಿಂಗ್ ನೆರಳು ರೋಡಿಗೆ ಬೀಳತ್ತೆ. ಮಲ್ಪೆಲೋ ಮುರ್ಡೇಶ್ವರದಲ್ಲೋ ಐದೂವರೆ ತನಕ ಬಿಸಿಲು ನೇರ ಮುಖಕ್ಕೇ ಹೊಡೆಯತ್ತೆ, ಸೂರ್ಯ ಮುಳುಗೋದನ್ನ ನೋಡೋ ಸುಖ ಬೇಕಾದ್ರೆ ಅದನ್ನ ತಡ್ಕೋಬೇಕು. ಆದ್ರೆ ಪುದುಚೇರಿಗೆ ಒಂದು ಕಂಡಿಷನ್ನು, ಜನವರಿ ಮೊದಲ ವಾರ ಕಳೀಲಿ. ಅಲ್ಲಿ ಮಳೆಗಾಲ ಅಕ್ಟೋಬರ್‌ನಿಂದ ಡಿಸೆಂಬರ್. 2024ರ ನವೆಂಬರ್ 30ಕ್ಕೆ ಫೆಂಗಲ್ ಚಂಡಮಾರುತ ಪುದುಚೇರಿ ಹತ್ರಾನೇ ದಡ ಸೇರಿ ಒಂದೇ ದಿನಕ್ಕೆ 45 ಸೆಂಟಿಮೀಟರ್‌ಗಿಂತ ಜಾಸ್ತಿ ಮಳೆ ಸುರೀತು, ಮೈಸೂರಿಗೆ ಇಡೀ ವರ್ಷಕ್ಕೆ ಬರೋದು 80 ಸೆಂಟಿಮೀಟರ್ ಆಸುಪಾಸು ಅನ್ನೋದು ನೆನಪಿಟ್ಕೊಳ್ಳಿ. ದೂರಾನೂ ಜಾಸ್ತಿ, ಮಂಡ್ಯದಿಂದ ಬೆಂಗಳೂರು, ಕೃಷ್ಣಗಿರಿ, ತಿರುವಣ್ಣಾಮಲೈ ಮೇಲೆ 400 ಕಿಲೋಮೀಟರ್ ದಾಟತ್ತೆ, ಮೈಸೂರಿಂದ ಇನ್ನೂ 45 ಸೇರಿಸ್ಕೊಳ್ಳಿ. ಎರಡೇ ದಿನಕ್ಕೆ ಹೋಗೋ ಊರಲ್ಲ ಅದು.

ಹಾಗಾಗಿ ನನ್ನ ತೀರ್ಮಾನ ಹೀಗೆ: ಕ್ರಿಸ್‌ಮಸ್ ರಜ, ಮೂರು ದಿನ, ಮಕ್ಕಳು ಜೊತೆಗಿದ್ರೆ ಉಡುಪಿ ಅಥವಾ ಮುರ್ಡೇಶ್ವರ, ಬೆಂಗಳೂರಿಂದ ಮೈಸೂರು ಮೇಲೆ ಮುರ್ಡೇಶ್ವರದ ತನಕ ರಾತ್ರಿ ಟ್ರೇನೇ ಇದೆ, ಡ್ರೈವಿಂಗ್ ತಲೆನೋವೂ ಇಲ್ಲ. ಸಂಕ್ರಾಂತಿ ಆದ್ಮೇಲೆ, ವಾರ ಇರ್ಬೋದು, ವಯಸ್ಸಾದೋರು ಇದಾರೆ ಅಂದ್ರೆ ಪುದುಚೇರಿ, ಕಣ್ಣು ಮುಚ್ಕೊಂಡು ಹೋಗಿ, ಫೆಬ್ರವರಿ ಕೊನೆ ತನಕ ಚೆನ್ನಾಗಿರತ್ತೆ.

ಫೆಬ್ರವರಿ ಅಂದ್ರೆ ಪಶ್ಚಿಮದ ಕಡೆ ಹುಷಾರು. ಶಿವರಾತ್ರಿಗೆ ಚಳಿ ಶಿವಶಿವಾ ಅಂತ ಹೋಗತ್ತೆ ಅಂತಾರಲ್ಲ, ಕರಾವಳಿಲಿ ಅದು ಹೋಗೋ ರೀತಿನೇ ಬೇರೆ. ಫೆಬ್ರವರಿ ಕೊನೆ, ಮಾರ್ಚ್ ಮೊದಲ ಭಾಗದಲ್ಲಿ ನೆಲದ ಗಾಳಿ ಮಧ್ಯಾಹ್ನದ ತನಕ ಬೀಸ್ತಾನೇ ಇದ್ದು ಸಮುದ್ರದ ಗಾಳಿ ಒಳಗೆ ಬರ್ದೇ ಇರೋ ದಿನಗಳು ಬರತ್ತೆ, ಆಗ ಹೊನ್ನಾವರ, ಕಾರವಾರ, ಮಂಗಳೂರಲ್ಲಿ 36-37ಕ್ಕೂ ಏರತ್ತೆ. ಹವಾಮಾನ ಇಲಾಖೆ ಬಯಲು ಸೀಮೇಲಿ ಬಿಸಿಗಾಳಿ ಅನ್ನೋಕೆ 40 ಡಿಗ್ರಿ ಮುಟ್ಬೇಕು, ಕರಾವಳಿಗೆ 37 ಸಾಕು ಅಂತ ಇಟ್ಟಿದೆ, ಜೊತೆಗೆ ವಾಡಿಕೆಗಿಂತ ನಾಲ್ಕೂವರೆ ಡಿಗ್ರಿ ಜಾಸ್ತಿ ಇರ್ಬೇಕು. 37ಕ್ಕೇ ಎಚ್ಚರಿಕೆ ಕೊಡೋದು ಸುಮ್ನೆ ಅಲ್ಲ, ಆ ತೇವದಲ್ಲಿ 37 ಅಂದ್ರೆ ವಯಸ್ಸಾದೋರ ಮೈ ತಡ್ಕೊಳ್ಳಲ್ಲ. ಶಿವರಾತ್ರಿಗೆ ಗೋಕರ್ಣಕ್ಕೆ ಹೋಗೋ ಹರಕೆ ಇದ್ದೋರು ಹೋಗೇ ಹೋಗ್ತಾರೆ, ದರ್ಶನಕ್ಕೆ ಬೆಳಗಿನ ಜಾವದ ಸಾಲಲ್ಲಿ ನಿಂತ್ಕೊಳ್ಳಿ, ಹನ್ನೆರಡು ಗಂಟೆ ಬಿಸಿಲಲ್ಲಿ ಅಪ್ಪ ಅಮ್ಮನ್ನ ನಿಲ್ಲಿಸ್ಬೇಡಿ.

ಏಪ್ರಿಲ್-ಮೇ. ಮಕ್ಕಳು ಬೈಕೊಂಡ್ರೂ ಪರ್ವಾಗಿಲ್ಲ, ಹೇಳ್ತೀನಿ, ಹೋಗ್ಬೇಡಿ. ಎಲ್ಲಾ ಊರಲ್ಲೂ ಹಗಲು 33-34, ರಾತ್ರಿ 25-26, ಸಮುದ್ರದ ನೀರೇ 30ರ ಹತ್ರ, ಅಲೆಗೆ ಕಾಲಿಟ್ರೆ ತಣ್ಣಗನ್ಸಲ್ಲ. ಪುದುಚೇರಿ ಇನ್ನೂ ಕಷ್ಟ, ಮೇ-ಜೂನ್‌ನಲ್ಲಿ ಹಗಲು 36-37, ರಾತ್ರಿ 27, ತಮಿಳುನಾಡಲ್ಲಿ ಮೇ ತಿಂಗಳ ಬಿಸಿಲನ್ನ ಕತ್ತಿರಿ ಬಿಸಿಲು ಅಂತ ಹೆಸರಿಟ್ಟೇ ಕರೀತಾರೆ. ಒಂದು ವರ್ಷ ಮೇ ಮೊದಲ ವಾರ ಮಲ್ಪೆ ಹತ್ರ ಒಂದು ಲಾಡ್ಜಲ್ಲಿ ಉಳಿದಿದ್ವಿ, ಏಸಿ ಇದೆ ಅಂದಿದ್ರು, ಇತ್ತು, ತಂಪು ಬರ್ತಿರ್ಲಿಲ್ಲ. ರಾತ್ರಿ ಎರಡು ಗಂಟೇಲಿ ಥರ್ಮಾಮೀಟರ್ 30.4, ಸಂಜೆ ಒಗೆದು ಹಾಕಿದ್ದ ಟವೆಲ್ ಇನ್ನೂ ಹಸಿ, ಅಮ್ಮ ನೆಲದ ಮೇಲೆ ಒದ್ದೆ ಬಟ್ಟೆ ಹಾಸಿ ಗೋಡೆಗೆ ಒರಗಿ ಕೂತಿದ್ರು, ಬೆಳಗಾಗೋದನ್ನೇ ಕಾಯ್ತಾ. ಅದೇ ವಾರ ಮಂಡ್ಯದಲ್ಲಿ ಭರಣಿ ಮಳೆ ಬಂದು ರಾತ್ರಿ ಹೊದ್ಕೊಂಡು ಮಲಗೋ ಹಾಗಾಗಿತ್ತಂತೆ, ಪಕ್ಕದ ಮನೆಯವ್ರು ಫೋನಲ್ಲಿ ಹೇಳಿದ್ರು. ನಮ್ ಕಡೆ ಏಪ್ರಿಲ್ ಕೊನೆಯಿಂದ ಸಂಜೆ ಗುಡುಗು ಮಳೆ ಶುರುವಾಗಿ ಮೇ ತಿಂಗಳ ಹಗಲು ಏಪ್ರಿಲ್‌ಗಿಂತ ತಂಪಾಗತ್ತೆ, ಕನಿಷ್ಠ 21ರಲ್ಲೇ ಇರತ್ತೆ, ಆ ಹೊತ್ತಲ್ಲಿ ದುಡ್ಡು ಕೊಟ್ಟು ಸೆಕೆಗೆ ಹೋಗೋದು ಯಾಕೆ. ಹೋಗ್ಲೇಬೇಕು ಅಂದ್ರೆ ಕಣ್ಣೂರಿಗೆ ಹೋಗಿ ಒಂದು ರಾತ್ರಿ ಇದ್ದು ಬನ್ನಿ, ಹುಣಸೂರು ಗೋಣಿಕೊಪ್ಪ ವಿರಾಜಪೇಟೆ ಮಾಕುಟ್ಟ ಮೇಲೆ ಮೈಸೂರಿಂದ ಸುಮಾರು 180 ಕಿಲೋಮೀಟರ್, ನಮಗೆ ಅತಿ ಹತ್ರದ ಸಮುದ್ರ ಅದೇ ಕಡೆ, ಕೊಡಗಿನ ನೆರಳಲ್ಲಿ ಅರ್ಧ ದಾರಿ ಕಳೆಯತ್ತೆ. ಹೋಗೋ ದಾರೀಲಿ ಕುಡಿಯೋಕೆ ಎಳನೀರು ನಮ್ ಮದ್ದೂರಿಂದಾನೇ ಡಿಕ್ಕಿಗೆ ಹಾಕ್ಕೊಳ್ಳಿ, ಮಕ್ಕಳಿಗೆ ಗಂಟೆಗೊಂದ್ಸಲ ಏನಾದ್ರೂ ಕುಡಿಸ್ತಾನೇ ಇರಿ.

ಜೂನ್‌ನಿಂದ ಆಗಸ್ಟ್. ಚಾರ್ಟ್ ಮಾತ್ರ ನೋಡೋರು ಹೆಚ್ಚಾಗಿ ಇಲ್ಲೇ ತಪ್ಪೋದು. ಜುಲೈಲಿ ಮಂಗಳೂರು, ಕಾರವಾರ, ಕೋಳಿಕ್ಕೋಡ್ ಎಲ್ಲಾ ಕಡೆ ಗರಿಷ್ಠ 28-29, ಕನಿಷ್ಠ 23-24, ಹಗಲಿಗೂ ರಾತ್ರಿಗೂ ಬರೀ ಐದು ಡಿಗ್ರಿ ಅಂತರ, ವರ್ಷದಲ್ಲೇ ಅತಿ ಹಿತವಾದ ತಿಂಗಳು ಅಂತ ಕಾಣತ್ತೆ. ಮಳೆ ಸಾಲು ನೋಡಿ ಆಗ. ಮಂಗಳೂರಿಗೆ ಜುಲೈ ಒಂದೇ ತಿಂಗಳಲ್ಲಿ ಸಾವಿರ ಮಿಲಿಮೀಟರ್ ಆಸುಪಾಸು, ಅಂದ್ರೆ ಮೈಸೂರಿನ ಒಂದು ವರ್ಷದ ಮಳೆಗಿಂತ ಜಾಸ್ತಿ. ಸಮುದ್ರಕ್ಕೆ ಇಳಿಯೋ ಹಾಗೇ ಇಲ್ಲ, ಕರ್ನಾಟಕದಲ್ಲಿ ಜೂನ್ 1ರಿಂದ ಜುಲೈ 31ರ ತನಕ 61 ದಿನ ಯಾಂತ್ರಿಕ ಮೀನುಗಾರಿಕೆಗೂ ನಿಷೇಧ ಇರೋದ್ರಿಂದ ತಾಜಾ ಮೀನೂ ಕಮ್ಮಿ, ಇರೋದಕ್ಕೆ ರೇಟು ಜಾಸ್ತಿ. ದಾರೀನೂ ನಂಬೋ ಹಾಗಿಲ್ಲ, 2018ರ ಆಗಸ್ಟ್‌ನಲ್ಲಿ ಮಡಿಕೇರಿ-ಸಂಪಾಜೆ ರೋಡು, ಶಿರಾಡಿ ಘಾಟಿ ಎರಡೂ ಕುಸಿದು ಬಂದ್ ಆಗಿದ್ದು ನೆನಪಿರ್ಬೇಕು. ಮಳೆ ನೋಡೋಕೇ ಹೋಗ್ತೀವಿ ಅನ್ನೋರಿಗೆ ಬೇರೆ ಮಾತು, ಜಗುಲೀಲಿ ಕೂತು ಜಡಿಮಳೆ ನೋಡೋದ್ರಲ್ಲಿ ಇರೋ ಸುಖ ದೊಡ್ಡದು, ನಾನೇ ತಂಗಿ ಮನೇಲಿ ಆಟಿ ತಿಂಗಳಲ್ಲಿ ನಾಲ್ಕು ದಿನ ಇದ್ದು ಪತ್ರೊಡೆ ತಿಂದು ಬಂದಿದೀನಿ, ಆದ್ರೆ ಅದನ್ನ ಸಮುದ್ರದ ಟ್ರಿಪ್ ಅನ್ನೋಕಾಗಲ್ಲ.

ದಸರಾ ರಜ, ಅಂದ್ರೆ ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್. ಪಶ್ಚಿಮದ ಕಡೆ ಹಗಲು 30-31, ರಾತ್ರಿ 23-24, ಘಟ್ಟ ಪೂರ್ತಿ ಹಸಿರು, ಜಲಪಾತದಲ್ಲಿ ನೀರಿರತ್ತೆ. ಇಲ್ಲಿ ನೋಡ್ಬೇಕಾದ್ದು ಡಿಗ್ರಿ ಅಲ್ಲ, ಸಂಜೆ ಗುಡುಗು. ಹಿಂಗಾರು ಮಳೆ ದಕ್ಷಿಣಕ್ಕೆ ಹೋದಷ್ಟೂ ಜಾಸ್ತಿ, ಕಣ್ಣೂರು ಕೋಳಿಕ್ಕೋಡ್‌ನಲ್ಲಿ ಅಕ್ಟೋಬರ್ ಪೂರ್ತಿ ಮಧ್ಯಾಹ್ನ ಮೂರರ ಮೇಲೆ ಗುಡುಗು ಸಿಡಿಲು ಬರ್ತಾನೇ ಇರತ್ತೆ, ಉತ್ತರಕ್ಕೆ ಹೋದಷ್ಟೂ ಬೇಗ ಬಿಡುವು ಕೊಡತ್ತೆ. ಹಾಗಾಗಿ ದಸರಾಗೆ ನನ್ನ ವೋಟು ಗೋಕರ್ಣ-ಕಾರವಾರಕ್ಕೆ, ದೂರ ಆಯ್ತು ಅನ್ನೋರಿಗೆ ಉಡುಪಿ. ಪುದುಚೇರಿ ಈ ಹೊತ್ತಿಗೆ ಲಿಸ್ಟಿಂದ ತೆಗೆದ್ಬಿಡಿ. ಕೋಳಿಕ್ಕೋಡ್‌ಗೆ ಯಾವಾಗ ಹೋದ್ರೂ ಗುಂಡ್ಲುಪೇಟೆ-ಬಂಡೀಪುರ ದಾರಿ ರಾತ್ರಿ ಒಂಬತ್ತರಿಂದ ಬೆಳಗ್ಗೆ ಆರರ ತನಕ ಮುಚ್ಚಿರತ್ತೆ, ಸಂಜೆ ಲೇಟಾಗಿ ಹೊರಟು ಚೆಕ್‌ಪೋಸ್ಟಲ್ಲಿ ಸಿಕ್ಕಾಕ್ಕೋಬೇಡಿ.

ಇನ್ನೆರಡು ಚಿಕ್ಕ ಮಾತು. ಮಂಗಳೂರು ಅಂತ ತೋರಿಸೋ ಟೆಂಪರೇಚರ್ ಬಜ್ಪೆದೋ ಪಣಂಬೂರಿಂದೋ ನೋಡಿ, ಬಜ್ಪೆ ಏರ್‌ಪೋರ್ಟು ಸಮುದ್ರದಿಂದ ಒಳಗೆ ಗುಡ್ಡದ ಮೇಲಿದೆ, ಪಣಂಬೂರು ದಡದಲ್ಲೇ ಇದೆ, ಬೀಚ್ ಹತ್ರ ಉಳಿಯೋರಿಗೆ ಪಣಂಬೂರಿನ ಲೆಕ್ಕವೇ ಸರಿ. ಇಲಾಖೆಯವ್ರು ಅಳೆಯೋದು ನೆರಳಲ್ಲಿ, ಗಾಳಿಯಾಡೋ ಬಿಳೀ ಪೆಟ್ಟಿಗೆ ಒಳಗೆ, ನಿಮ್ ರೂಮಿನ ಮೇಲೆ ಕಾದ ತಾರಸಿ ಇದ್ರೆ ರಾತ್ರಿ ಎರಡು ಮೂರು ಡಿಗ್ರಿ ಜಾಸ್ತಿನೇ ಇರತ್ತೆ. ಅದಕ್ಕೆ ರೂಮ್ ಬುಕ್ ಮಾಡೋವಾಗ ಕೊನೇ ಮಹಡಿ ಬೇಡ ಅನ್ನಿ, ಎದುರುಬದುರು ಕಿಟಕಿ ಇದೆಯಾ ಕೇಳಿ, ಫೋಟೋದಲ್ಲಿ ಸಮುದ್ರ ಕಾಣ್ಸತ್ತೆ ಅನ್ನೋದಕ್ಕಿಂತ ಅದು ಮುಖ್ಯ.

ಈ ವರ್ಷ ನಾವು ಸಂಕ್ರಾಂತಿ ಮನೇಲಿ ಮುಗಿಸಿ, ಎಳ್ಳು ಬೀರಿ, ಜನವರಿ 20ರ ಮೇಲೆ ಪುದುಚೇರಿಗೆ ಅಂತ ಮಾಡ್ಕೊಂಡಿದೀವಿ, ಹತ್ತು ದಿನ. ಅಮ್ಮ ಈಗಾಗ್ಲೇ ಎಳ್ಳು ಬೆಲ್ಲದಲ್ಲಿ ಒಂದು ಡಬ್ಬ ಎತ್ತಿಡ್ಬೇಕು ಅಂತ ಕೊಬ್ಬರಿ ಹೆಚ್ಚೋಕೆ ಶುರು ಮಾಡಿದಾರೆ. ನಾನು ಸ್ಟೀಲ್ ಡಬ್ಬ ಬೇಡ, ಗಾಳಿ ಹೋಗ್ದೇ ಇರೋ ಡಬ್ಬಕ್ಕೇ ಹಾಕಿ ಅಂದಿದೀನಿ.